ಫಿಸಿಕ್ಸ್ ಓದಿದರೆ ಸಂಬಳ ಎಷ್ಟು?

ಎಂ.ಎಸ್ಸಿ. ಭೌತವಿಜ್ಞಾನ ಮುಗಿಸಿ ಸಂಶೋಧನೆಗೆ ಹೋಗುತ್ತೇನೆ ಎಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಅದರಲ್ಲಿ ಸಂಬಳ ಎಷ್ಟು ಬರುತ್ತೆ?’ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದನ್ನು ಕೇಳಬೇಕಾದದ್ದು ವಿದ್ಯಾರ್ಥಿಯನ್ನಲ್ಲ.

ನನ್ನನ್ನು ಸೆಳೆದ ವಿಷಯ ಎಕ್ಸೈಟಾನ್. ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಅರೆವಾಹಕವನ್ನು ಅಂಟುಟೇಪಿನಿಂದ ಈರುಳ್ಳಿಯಂತೆ ಪದರ ಪದರವಾಗಿ ಬಿಡಿಸಬಹುದು. ಒಂದು ಪದರದ ದಪ್ಪ ಸುಮಾರು 0.65 ನ್ಯಾನೊಮೀಟರ್. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟಕ್ಕೆ ಜಿಗಿಯುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ಧನಾವೇಶದಂತೆ ವರ್ತಿಸಿ ಅದನ್ನು ಸೆಳೆದಿಟ್ಟುಕೊಳ್ಳುತ್ತದೆ. ಈ ಜೋಡಿಯೇ ಎಕ್ಸೈಟಾನ್. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಕೋಣೆಯ ಬಿಸಿಗೇ ಈ ಜೋಡಿ ಮುರಿದುಬೀಳುತ್ತದೆ. ಒಂಟಿ ಪದರದಲ್ಲಿ ಗಟ್ಟಿಯಾಗಿ ಉಳಿಯುತ್ತದೆ.

ಎಷ್ಟು ಗಟ್ಟಿ? ಅದನ್ನು ಅಳೆಯುವುದೇ ಕಷ್ಟ. ಒಂದೊಂದೇ ಫೋಟಾನ್ ಹೀರಿದರೆ ಎಕ್ಸೈಟಾನಿನ ಕೆಲವು ಮಟ್ಟಗಳು ಕಾಣುವುದೇ ಇಲ್ಲ. ತೀವ್ರ ಲೇಸರ್ ಬೆಳಕಿನಲ್ಲಿ ಎರಡು ಫೋಟಾನ್‌ಗಳನ್ನು ಒಮ್ಮೆಲೇ ಹೀರಿದಾಗ ಅವು ಬಯಲಾಗುತ್ತವೆ. 2014ರಲ್ಲಿ ಟಂಗ್‌ಸ್ಟನ್ ಡೈಸಲ್ಫೈಡ್‌ನ ಒಂಟಿ ಪದರದಲ್ಲಿ ವಿಜ್ಞಾನಿಗಳು ಇಂಥ ಅಡಗಿದ ಮಟ್ಟಗಳನ್ನು ಹೀಗೆಯೇ ಕಂಡರು.

ಎರಡು ಫೋಟಾನ್‌ಗಳ ಈ ಲೆಕ್ಕ ಹಾಕಿದ್ದು ಮರಿಯಾ ಗೆಪರ್ಟ್ ಮೇಯರ್, 1930ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ. ಅದನ್ನು ಪ್ರಯೋಗದಲ್ಲಿ ತೋರಿಸಲು ಲೇಸರ್ ಬರಬೇಕಾಯಿತು. ಅದು ಸಾಧ್ಯವಾದದ್ದು 1961ರಲ್ಲಿ. 1990ರಲ್ಲಿ ಅದೇ ತತ್ವದ ಮೇಲೆ ಹೊಸ ಸೂಕ್ಷ್ಮದರ್ಶಕ ಬಂತು. ಇಂದು ಜೀವಂತ ಮಿದುಳಿನ ಕೋಶಗಳನ್ನು ನೋಡಲು ಅದನ್ನು ಬಳಸುತ್ತಾರೆ. ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಫಲ ಕೊಡಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಮುಂದೆ ನೊಬೆಲ್ ಪಡೆದ ಅದೇ ಮರಿಯಾ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದರು. ಇದನ್ನು ತ್ಯಾಗವೆಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ವಿಜ್ಞಾನದ ಫಲ ತಡವಾಗಿ ಬರಲಿ, ವಿದ್ಯಾರ್ಥಿಯ ಫೆಲೋಶಿಪ್ ತಡವಾಗಬಾರದು. ಲೇಸರ್ ಹೊಂದಿಸಿ, ಕ್ಷೀಣ ಸಂಕೇತವನ್ನು ಗದ್ದಲದಿಂದ ಹೆಕ್ಕಿ, ಕೋಡ್ ಬರೆಯುವವನು ಮಾಡುತ್ತಿರುವುದೂ ಕೆಲಸವೇ. ಅವನಿಗೂ ಮನೆ ಬಾಡಿಗೆ, ಮೆಸ್ ಬಿಲ್ ಇರುತ್ತದೆ.

ಹಾಗಾಗಿ ಗೆಳೆಯರೇ, ಜಾಮ್, ನೆಟ್‌ಗೆ ಓದುವಾಗ ಇದನ್ನೂ ನೆನಪಿಡಿ. ಲ್ಯಾಬ್ ಸೇರುವ ಮೊದಲು ಅಲ್ಲಿನ ಸೀನಿಯರ್‌ಗಳನ್ನು ಎರಡು ಪ್ರಶ್ನೆ ಕೇಳಿ: ‘ಇಲ್ಲಿ ಏನು ಕಲಿಯಬಹುದು? ಫೆಲೋಶಿಪ್ ತಿಂಗಳು ತಿಂಗಳು ಬರುತ್ತದೆಯೇ?’ ಎರಡನೆಯದನ್ನು ಕೇಳಲು ಸಂಕೋಚ ಬೇಡ.