ಮುಷ್ಕರದ ಹಕ್ಕು, ಮಗ್ಗದ ಹಕ್ಕು

1937ರ ಚುನಾವಣೆ ಗೆದ್ದು ಮುಂಬಯಿ ಪ್ರಾಂತ್ಯದ ಗದ್ದುಗೆ ಏರಿದ ಕಾಂಗ್ರೆಸ್ಸು ಮರುವರ್ಷವೇ ಮುಷ್ಕರಕ್ಕೆ ಮೂಗುದಾರ ಹಾಕುವ ಮಸೂದೆ ತಂತು. ಮುಷ್ಕರದ ಹಕ್ಕು ಸ್ವಾತಂತ್ರ್ಯದ ಹಕ್ಕೇ ಎಂದು ಬಾಬಾಸಾಹೇಬರು ಸಭೆಯಲ್ಲಿ ವಾದಿಸಿದರು. ಅವರ ಸ್ವತಂತ್ರ ಕಾರ್ಮಿಕ ಪಕ್ಷ ಕಮ್ಯುನಿಸ್ಟರ ಜೊತೆಗೂಡಿ 1938ರ ನವೆಂಬರ್ 7ರಂದು ಮುಷ್ಕರ ಹೂಡಿತು.

ಆದರೆ ಅದೇ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆ ಖಾತೆ ನಮ್ಮೋರಿಗೆ ಮುಚ್ಚಿತ್ತು. ಕಡಿದ ನೂಲಿಗೆ ಎಂಜಲು ಹಚ್ಚಿ ಸೇರಿಸಬೇಕಲ್ಲ, ಮೈಲಿಗೆ! ತಡೆದವನು ಮಾಲೀಕನೊಬ್ಬನೇ ಅಲ್ಲ, ಪಕ್ಕದ ಕೂಲಿಕಾರನೂ. 1928ರ ಮುಷ್ಕರದಲ್ಲೇ ಬಾಬಾಸಾಹೇಬರು ಇದನ್ನು ಸಂಘದ ಮುಂದೆ ಇಟ್ಟಿದ್ದರು.

ಹಾಸ್ಟೆಲಿನ ಗೆಳೆಯರೇ, ನಾಳೆ ನಾವೂ ದುಡಿಯೋಕೆ ಹೋಗೋರೇ. ಗೆದ್ದ ಪಕ್ಷ ಯಾವುದೇ ಇರಲಿ, ಮುಷ್ಕರದ ಹಕ್ಕೆಲ್ಲಿ ಅಂತ ಕೇಳೋಣ. ಸಂಘ ಸೇರೋಣ, ಸೇರಿ ನಮ್ಮೋರಿಗೆ ಯಾವ ಖಾತೆ ಅಂತಾನೂ ಕೇಳೋಣ. ಒಂದನ್ನು ಕೇಳಿ ಇನ್ನೊಂದನ್ನು ನುಂಗಿಕೊಂಡರೆ ಎರಡೂ ಸಿಗಲ್ಲ.