ಲೋಕಾಯುಕ್ತ: ದಾಳಿಯಷ್ಟೇ ಅಲ್ಲ, ತಪಾಸಣೆಯೂ ಇದೆ

ಲೋಕಾಯುಕ್ತ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ದಾಳಿ. ಬೆಳ್ಳಂಬೆಳಗ್ಗೆ ಅಧಿಕಾರಿಯ ಮನೆಗೆ ಬರುವ ಪೊಲೀಸರು, ಮೇಜಿನ ಮೇಲೆ ಜೋಡಿಸಿಟ್ಟ ಚಿನ್ನ, ನೋಟಿನ ಕಟ್ಟು. ಪತ್ರಿಕೆಯ ಮುಖಪುಟಕ್ಕೆ ಅಷ್ಟು ಸಾಕು. ಆದರೆ ಸರಕಾರಿ ಆಸ್ಪತ್ರೆ, ವಿದ್ಯಾರ್ಥಿ ನಿಲಯ, ತಾಲೂಕು ಕಚೇರಿಗಳಲ್ಲಿ ಜನರಿಗೆ ಸಲ್ಲಬೇಕಾದದ್ದು ಸಲ್ಲುತ್ತಿದೆಯೇ ಎಂದು ನೋಡುವುದೂ ಇದೇ ಸಂಸ್ಥೆಯ ಕೆಲಸ. ಬಡವರ ಮಟ್ಟಿಗೆ ಈ ಎರಡನೆಯದೇ ದೊಡ್ಡದೆಂದು ನಾವು ಭಾವಿಸುತ್ತೇವೆ.

ಆಡಳಿತದ ಮೇಲೆ ಜನರ ಪರವಾಗಿ ಕಣ್ಣಿಡುವ ಇಂತಹ ಹುದ್ದೆ 1809ರಲ್ಲಿ ಸ್ವೀಡನ್ ದೇಶದ ಸಂವಿಧಾನದಲ್ಲಿ ಹುಟ್ಟಿತು. ಅಲ್ಲಿ ಇಂದಿಗೂ ಆ ಅಧಿಕಾರಿಗಳು ಜೈಲುಗಳಿಗೆ ಹೋಗಿ ತಪಾಸಣೆ ನಡೆಸುತ್ತಾರೆ. ಕರ್ನಾಟಕದ ಲೋಕಾಯುಕ್ತ ಕಾಯಿದೆ 1984ರದ್ದು. ಸಂಸ್ಥೆ ಆರಂಭವಾದುದು 1986ರಲ್ಲಿ. ಭ್ರಷ್ಟಾಚಾರದ ಆಪಾದನೆ ಮಾತ್ರವಲ್ಲ, ದುರಾಡಳಿತದಿಂದ ತನಗೆ ಅನ್ಯಾಯವಾಗಿದೆ, ವಿನಾಕಾರಣ ಕಷ್ಟವಾಗಿದೆ ಎಂಬ ಅಹವಾಲನ್ನೂ ಈ ಕಾಯಿದೆ ಸ್ವೀಕರಿಸುತ್ತದೆ. ಅಹವಾಲಿಗೆ ಲಂಚ ಕೇಳಿದರೆಂದು ಸಾಬೀತುಪಡಿಸಬೇಕಾಗಿಲ್ಲ. ಇದು ನಮ್ಮ ಎಷ್ಟು ಮಂದಿ ಕಾರ್ಯಕರ್ತರಿಗೆ ಗೊತ್ತು?

ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದಾಗ ಆಸ್ಪತ್ರೆಗಳಿಗೆ, ಕಚೇರಿಗಳಿಗೆ ಮುನ್ಸೂಚನೆಯಿಲ್ಲದೆ ನುಗ್ಗಿ ಹೆಸರಾದರು. ಟಿ.ವಿ. ಕ್ಯಾಮರಾಗಳೂ ಹಿಂದೆಯೇ ಇರುತ್ತಿದ್ದವು. ಅದು ಅತಿಯಾಯಿತು ಎಂದವರೂ ಇದ್ದರು. ಇರಲಿ. ತಪಾಸಣೆಯ ನಿಜವಾದ ಸತ್ವ ಇರುವುದು ಗದರಿಕೆಯಲ್ಲಲ್ಲ, ದಾಖಲೆಯಲ್ಲಿ. ಹಾಜರಿ ಪುಸ್ತಕದಲ್ಲಿ ಸಹಿ ಇದೆ, ಕುರ್ಚಿಯಲ್ಲಿ ಆಳಿಲ್ಲ. ದಾಸ್ತಾನು ಪುಸ್ತಕದಲ್ಲಿ ಔಷಧ ಇದೆ, ರೋಗಿಯ ಕೈಯಲ್ಲಿ ಹೊರಗಿನ ಅಂಗಡಿಯ ಚೀಟಿ. ಬೆಳಿಗ್ಗೆ ತನ್ನ ಬಳಿ ಎಷ್ಟು ಹಣವಿದೆ ಎಂದು ನೌಕರ ಬರೆದ ನಗದು ಘೋಷಣೆ ಒಂದು, ಮಧ್ಯಾಹ್ನ ಜೇಬಿನಲ್ಲಿರುವುದು ಇನ್ನೊಂದು. ಹೀಗೆ ಕಂಡದ್ದರ ಮೇಲೆ, ಯಾರೂ ದೂರು ಕೊಡದಿದ್ದರೂ, ಸ್ವಯಂಪ್ರೇರಣೆಯಿಂದ ವಿಚಾರಣೆ ಆರಂಭಿಸಬಹುದು. ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರವೇ ಇಲ್ಲಿಯೂ ಇದೆ. ದೂರು ಬರೆಯಲು ಹೆದರುವ ರೋಗಿಗೆ, ಹಾಸ್ಟೆಲಿನ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೇನು?

2016ರ ಮಾರ್ಚಿಯಲ್ಲಿ ಸರಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಕಿತ್ತುಕೊಂಡಾಗ, ಲೋಕಾಯುಕ್ತ ಸತ್ತೇಹೋಯಿತು ಎಂಬ ಮಾತು ಎಲ್ಲೆಡೆ ಕೇಳಿಬಂತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಿತು. ಆದರೆ ಅಹವಾಲು ವಿಚಾರಿಸುವ ಅಧಿಕಾರ ಆ ಆರು ವರ್ಷಗಳಲ್ಲೂ ಕಾಯಿದೆಯಲ್ಲಿ ಹಾಗೆಯೇ ಇತ್ತು. ಕೇಳುವವರು ಕಡಿಮೆಯಾದರು, ಅಷ್ಟೇ.

ದೌರ್ಬಲ್ಯವಿಲ್ಲವೆಂದಲ್ಲ. ವಿಚಾರಣೆ ಮುಗಿದ ಮೇಲೆ ಲೋಕಾಯುಕ್ತರು ಕೊಡುವುದು ಶಿಫಾರಸು, ಆದೇಶವಲ್ಲ. ಸರಕಾರ ಕ್ರಮ ಕೈಗೊಳ್ಳದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು, ಅದು ಸದನದ ಮುಂದೆ ಬರಬೇಕು. ಅದರಾಚೆ ದಾರಿಯಿಲ್ಲ. 2010ರ ಜೂನಿನಲ್ಲಿ, ಬೇಲೆಕೇರಿ ಬಂದರಿನ ಅದಿರು ಪ್ರಕರಣದ ಬಿಸಿಯಲ್ಲಿ, ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಸರಕಾರದ ಅಸಹಕಾರಕ್ಕೆ ಬೇಸತ್ತು ರಾಜೀನಾಮೆ ಕೊಟ್ಟದ್ದು, ಜುಲೈಯಲ್ಲಿ ಹಿಂತೆಗೆದುಕೊಂಡದ್ದು ಕರಾವಳಿಯವರಿಗೆ ನೆನಪಿರಬಹುದು. ಲೋಕಾಯುಕ್ತರಿಗೇ ಈ ಗತಿಯಾದರೆ ಅರ್ಜಿದಾರನ ಪಾಡೇನು? ಶಿಫಾರಸುಗಳ ಮೇಲೆ ಏನಾಯಿತೆಂದು ಶಾಸಕರನ್ನು ಕೇಳುವ ಕೆಲಸ ಮತದಾರರದ್ದೇ.

ಅರ್ಜಿ ಬರೆದುಕೊಡುವ ಗುರಿಕಾರರು ಹಾಗೂ ಸಮಾಜ ಸೇವಾ ಕಾರ್ಯಕರ್ತರು ಗಮನಿಸಬೇಕಾದ ಒಂದು ವಿಷಯವಿದೆ. ಆಪಾದನೆಯ ದೂರಿಗೆ ಐದು ವರ್ಷಗಳ ಅವಧಿ ಇದೆ. ಅಹವಾಲಿಗಾದರೋ ವಿಷಯ ತಿಳಿದ ದಿನದಿಂದ ಆರೇ ತಿಂಗಳು. ತಡವಾದರೆ ತಕ್ಕ ಕಾರಣ ತೋರಿಸಬೇಕು. ವಿಧವಾ ವೇತನಕ್ಕಾಗಿ ಅಲೆಯುವ ಹೆಂಗಸಿಗೆ "ನಾಳೆ ಬನ್ನಿ" ಎಂಬ ಮಾತಿನಲ್ಲೇ ಆರು ತಿಂಗಳು ಕಳೆದುಹೋಗುತ್ತದೆ.