ಮನೆವಾರ್ತೆ: ಕ್ಷೌರದ ಕತ್ತಿಯನ್ನು ಮಸೆಯುವ ಬಗೆ

ಅಜ್ಜನ ಕಾಲದ ಮಡಿಸುವ ಕ್ಷೌರದ ಕತ್ತಿಯೊಂದು ಹಳೆಯ ಪೆಟ್ಟಿಗೆಯ ಮೂಲೆಯಲ್ಲಿ ದೊರೆತರೆ ಮನೆಯ ತರುಣರು ಮಾಡುವ ಮೊದಲನೆಯ ಕೆಲಸವು ಅದನ್ನು ಸಂತೆಯಲ್ಲಿ ಸಾಣೆ ಹಿಡಿಯುವವನ ಚಕ್ರಕ್ಕೆ ಒಪ್ಪಿಸುವದು. ಸಿಂಧನೂರಿನ ಸಂತೆಯಾಗಲಿ, ಲಿಂಗಸುಗೂರಿನದಾಗಲಿ, ಇದಕ್ಕಿಂತ ಕೆಟ್ಟ ಕೆಲಸ ಮತ್ತೊಂದಿಲ್ಲ. ಕೊಡಲಿಗೂ ಈಳಿಗೆಗೂ ಆ ಚಕ್ರವು ಒಪ್ಪುವದು. ಕ್ಷೌರದ ಕತ್ತಿಯ ಅಲಗಾದರೋ ಕಾಗದಕ್ಕಿಂತ ತೆಳುವಾದದ್ದು. ಕಿಡಿ ಹಾರಿಸುವ ಒಣಚಕ್ರದ ಮೇಲೆ ಅದು ಕ್ಷಣಾರ್ಧದಲ್ಲಿ ಕಾಯ್ದು ನೀಲಿಗಟ್ಟುವದು. ನೀಲಿಯಾಯಿತೆಂದರೆ ಉಕ್ಕು ಸುಮಾರು 300 ಸೆಂಟಿಗ್ರೇಡ್ ಅಂಶಗಳವರೆಗೆ ಕಾಯ್ದಿತೆಂದು ತಿಳಿಯತಕ್ಕದ್ದು. ಆ ಮೇಲೆ ಅದರ ಹದವು ಇಳಿದು, ಎಷ್ಟು ಮಸೆದರೂ ಹರಿತವು ಎರಡು ದಿನ ನಿಲ್ಲಲಾರದು.

ಕಲ್ಲಿಗೆ ಅಲಗನ್ನು ತೇಯುವ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ ಎಂಬವರು ಅಶೋಕನ ಶಾಸನವನ್ನು ಕಂಡುದರಿಂದ ಮಸ್ಕಿಯ ಹೆಸರು ಲೋಕಪ್ರಸಿದ್ಧವಾಯಿತು. ಆದರೆ ಅಲ್ಲಿಯ ವಸತಿಯು ಅಶೋಕನಿಗಿಂತಲೂ ಬಹು ಹಳೆಯದು. 1954ರಲ್ಲಿ ಥಾಪರರು ಅಲ್ಲಿ ಅಗೆಯಿಸಿದಾಗ ಚಕಮಕಿ ಜಾತಿಯ ಕಲ್ಲಿನಿಂದ ಸೀಳಿದ ಅಲಗುಗಳು ದೊರೆತವು. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ನರು ಶೋಧಿಸಿ 1960ರಲ್ಲಿ ವರದಿ ಪ್ರಕಟಿಸಿದ ನೆಲೆಯಲ್ಲಿ ತೇದು ನುಣುಪುಗೊಳಿಸಿದ ಕಲ್ಲುಕೊಡಲಿಗಳೂ ಉಂಟು. ಸೀಳಿದ ಕಲ್ಲಲಗಿಗೆ ಮಸೆಯುವ ತೊಂದರೆಯಿಲ್ಲ. ಮೊಂಡಾದರೆ ಎಸೆದು ಮತ್ತೊಂದನ್ನು ಸೀಳಿದರಾಯಿತು. ಈಗಿನ ಅರ್ಧ ಬ್ಲೇಡಿನ ನೀತಿಯೂ ಅದೇ ಅಲ್ಲವೆ!

ಎಲ್ಲ ಕಲ್ಲೂ ಎಲ್ಲ ಅಲಗಿಗೂ ಸಲ್ಲುವದಿಲ್ಲ. ನಮ್ಮ ಗುಡ್ಡಗಳ ಗ್ರಾನೈಟಿನಲ್ಲಿ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿರುವವು. ಒರಟು ಕಲ್ಲಿಗೆ ಉಜ್ಜಿದ ಕುಡಗೋಲಿನ ಬಾಯಲ್ಲಿ ಕಣ್ಣಿಗೆ ಕಾಣದ ಗರಗಸವೊಂದು ಮೂಡುವದು. ಭತ್ತದ ದಂಟನ್ನು ಕೊಯ್ಯಲು ಅದೇ ಹಿತ. ಅದೇ ಗರಗಸವು ಗದ್ದದ ಮೇಲೆ ಹರಿದರೆ ಉರಿ, ಗೀರು, ರಕ್ತ. ಆದುದರಿಂದ ಕ್ಷೌರದ ಕತ್ತಿಗೆ ಅತಿ ನುಣ್ಣನೆಯ ಕಣದ ಕಲ್ಲು ಬೇಕು.

ಅಂಥ ಕಲ್ಲುಗಳಲ್ಲಿ ಜಪಾನಿನ ಕ್ಯೋಟೋ ಪಟ್ಟಣದ ಸಮೀಪದ ಬೆಟ್ಟಗಳವು ಬಹು ಹೆಸರಾದವು. ಸುಮಾರು 25 ಕೋಟಿ ವರ್ಷಗಳ ಹಿಂದೆ, ದಡದಿಂದ ಬಹುದೂರದ ಕಡಲ ತಳದಲ್ಲಿ ನಯವಾದ ಜೇಡಿಯೂ ಬೆಣಚಿನ ಪುಡಿಯೂ ಪದರು ಪದರಾಗಿ ಕುಳಿತು ಗಟ್ಟಿಯಾದ ಶಿಲೆಯಿದು. ನಕಯಾಮ, ಓಜುಕು ಮೊದಲಾದ ಗಣಿಗಳ ಹೆಸರು ಹೇಳಿದರೆ ಬಲ್ಲವರ ಕಿವಿ ನೆಟ್ಟಗಾಗುವದು. ಆ ಗಣಿಗಳಲ್ಲಿ ಬಹುತೇಕ ಮುಚ್ಚಿಹೋಗಿರುವದರಿಂದ ಕಲ್ಲಿನ ಬೆಲೆ ಏರಿದೆ. ಬೆಲ್ಜಿಯಮ್ಮಿನಲ್ಲಿ ಹಳದಿಯ ಕಲ್ಲೊಂದುಂಟು. ಅದರಲ್ಲಿ ಹುದುಗಿದ ಸೂಕ್ಷ್ಮವಾದ ಗಾರ್ನೆಟ್ ಹರಳುಗಳೇ ಉಕ್ಕನ್ನು ಸವೆಯಿಸುವವು. ನಮ್ಮ ಗೃಹಸ್ಥರು ಇವನ್ನು ತರಿಸಬೇಕೆ? ಬೇಡವೆಂದೇ ನನ್ನ ಮತ. 1000, 4000, 8000 ಅಂಕದ ಕೃತಕ ನೀರುಕಲ್ಲುಗಳು ಅಂಗಡಿಯಲ್ಲಿ ದೊರೆಯುವವು. ಕೈ ಪಳಗಿದರೆ ಅವುಗಳಿಂದಲೇ ಕೆಲಸ ಸಾಗುವದು.

ಕಲ್ಲು ಮೊದಲು ಸಮತಟ್ಟಾಗಿರತಕ್ಕದ್ದು. ಅದರ ಮೇಲೆ ಸೀಸಕಡ್ಡಿಯಿಂದ ಚೌಕುಗೆರೆಗಳನ್ನು ಎಳೆದು, ದಪ್ಪ ಗಾಜಿನ ಮೇಲೆ ಹಾಸಿದ ಒದ್ದೆ ಉಜ್ಜುಗಾಗದಕ್ಕೆ ತಿಕ್ಕಿದರೆ ಗೆರೆಗಳೆಲ್ಲ ಅಳಿದಾಗ ಸಮವಾಯಿತೆಂದು ಅರ್ಥ. ನೀರುಕಲ್ಲಿಗೆ ಎಣ್ಣೆಯನ್ನು ಎಂದಿಗೂ ಸೋಕಿಸಬಾರದು. ಕತ್ತಿಯನ್ನು ಅಂಗಾತ ಮಲಗಿಸಿ, ಬೆನ್ನೂ ಅಲಗೂ ಒಮ್ಮೆಲೇ ಕಲ್ಲಿಗೆ ತಾಗುವಂತೆ ಇರಿಸಬೇಕು. ಕೋನವನ್ನು ಕಾಯುವದು ಬೆನ್ನೇ; ಅದನ್ನು ಎತ್ತಿದರೆ ಕೆಟ್ಟಿತು. ಅಲಗು ಮುಂದಾಗಿ, ಕಲ್ಲಿನ ಮೇಲಿನ ತೆಳುಪೊರೆಯನ್ನು ಹೆರೆಯುವಂತೆ ನೂಕಬೇಕು. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಮಗ್ಗುಲು ಬದಲಿಸಿ ಮರಳಿ ಎಳೆಯಬೇಕು. ಅಲಗಿನ ಮೇಲೆ ಹೊರಳಿಸಕೂಡದು. ಕತ್ತಿಯ ಭಾರವೇ ಸಾಕು, ಕೈಯ ಭಾರ ಬೇಡ. ಅವಸರದವರು ಒತ್ತುವರು, ಒತ್ತಿದರೆ ತೆಳು ಅಲಗು ಬಾಗಿ, ಕಲ್ಲು ತಾಗಬೇಕಾದಲ್ಲಿ ತಾಗುವದಿಲ್ಲ.

ಜಪಾನಿನ ಕಲ್ಲು ಇದ್ದವರು ನಗುರ ಎಂಬ ಚಿಕ್ಕ ಕಲ್ಲನ್ನು ಅದರ ಮೇಲೆ ನೀರು ಹಾಕಿ ಉಜ್ಜುವರು. ಗಂಧ ತೇದಾಗ ಬರುವಂಥ ತೆಳುರಾಡಿ ಮೂಡುವದು. ಅದರಲ್ಲಿ ಮಸೆಯುತ್ತ ಹನಿಹನಿಯಾಗಿ ನೀರು ಬೆರೆಯಿಸಿ, ರಾಡಿಯನ್ನು ತಿಳಿಯಾಗಿಸಿ, ಕೊನೆಗೆ ಬರಿಯ ನೀರಿನಲ್ಲಿ ಮುಗಿಸುವದು ಅಲ್ಲಿಯ ಪದ್ಧತಿ.

ಕಲ್ಲಿನ ತರುವಾಯ ತೊಗಲಪಟ್ಟಿ. ಇಲ್ಲಿ ಬೆನ್ನು ಮುಂದಾಗತಕ್ಕದ್ದು. ಅಲಗು ಮುಂದಾದರೆ ಪಟ್ಟಿಯೂ ಸೀಳುವದು, ಹರಿತವೂ ಹೋಗುವದು. ಪಟ್ಟಿಯನ್ನು ಬಿಗಿಯಾಗಿ ಹಿಡಿದು ನಲವತ್ತು ಐವತ್ತು ಸಲ ಎಳೆದರೆ ಸಾಕು. ಪರೀಕ್ಷೆಗೆ ಒಂದು ಕೂದಲನ್ನು ಎತ್ತಿ ಹಿಡಿದು ಅಲಗಿಗೆ ಸೋಕಿಸಿರಿ. ಎಳೆಯದೆ ಕಡಿದರೆ ಕೆಲಸ ಮುಗಿಯಿತು.

ಈ ವಿದ್ಯೆಯನ್ನು ನಮ್ಮಲ್ಲಿ ತಲೆತಲಾಂತರದಿಂದ ಕಾಪಾಡಿದವರು ಕ್ಷೌರಿಕರು. ಅವರ ಚೀಲಕ್ಕೆ ಹಡಪವೆಂದೇ ಹೆಸರು; ಅದರಲ್ಲಿ ಕತ್ತಿ, ಕಲ್ಲು, ಪಟ್ಟಿ ಮೂರೂ ಇರುತ್ತಿದ್ದವು. ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಏಡ್ಸ್ ರೋಗದ ಭಯವು ಹಬ್ಬಿದ ಮೇಲೆ ಆ ಜಾಗದಲ್ಲಿ ಅರ್ಧ ಬ್ಲೇಡು ಬಂದಿತು. ಬಂದದ್ದು ಒಳ್ಳೆಯದೇ ಆಯಿತು. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ರೋಗವೂ ರಕ್ತದ ಒಂದು ಕಣದಿಂದಲೇ ಹರಡಬಲ್ಲದು. ಆದುದರಿಂದ ಮನೆಯ ಕತ್ತಿಯು ಒಬ್ಬನದೇ ಆಗಿರಲಿ. ಅಣ್ಣ ತಮ್ಮಂದಿರಾದರೂ ಹಂಚಿಕೊಳ್ಳಬಾರದು.

ಇನ್ನೊಂದು ಮಾತನ್ನು ಬಿಡಲಾರೆ. ಊರಿನ ಕತ್ತಿಯು ದಲಿತರ ಗದ್ದವನ್ನು ಮುಟ್ಟಲೊಲ್ಲೆನೆಂದ ಹಳ್ಳಿಗಳು ನಮ್ಮ ಕಡೆಗೆ ಇದ್ದವು. 1955ರ ಕಾಯಿದೆಯು ಇದನ್ನು ಅಪರಾಧವೆಂದು ಸಾರಿದೆ. ಕ್ಷೌರಿಕನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಅವನ ಬೆನ್ನ ಹಿಂದೆ ಊರ ಗೌಡರ ಕಣ್ಣು ಇರುತ್ತಿತ್ತು. ಹಾಗೆ ತಿರಸ್ಕೃತರಾದವರಿಗೆ ಮನೆಯಲ್ಲಿಯೇ ಕತ್ತಿ ಮಸೆಯುವದು ವಿನೋದವಾಗಿರಲಿಲ್ಲ, ಅನಿವಾರ್ಯವಾಗಿತ್ತು.

ಬಳಸಿದ ಬಳಿಕ ಕತ್ತಿಯನ್ನು ಒಣಬಟ್ಟೆಯಿಂದ ಒರಸಿ, ಮಳೆಗಾಲದಲ್ಲಿ ಒಂದು ಹನಿ ಎಣ್ಣೆ ಸವರಿ ಇಡತಕ್ಕದ್ದು. ನೈಸರ್ಗಿಕ ಕಲ್ಲನ್ನು ನೀರಿನಲ್ಲಿ ನೆನೆಯಿಟ್ಟರೆ ಪದರು ಬಿಡುವ ಅಂಜಿಕೆಯುಂಟು; ಮೇಲೆ ನೀರು ಚಿಮುಕಿಸಿದರೆ ಸಾಕು. ನಮ್ಮ ಬೇಸಗೆಯ ಬಿಸಿಲು 40 ಅಂಶಗಳನ್ನು ದಾಟುವದರಿಂದ ಒದ್ದೆಗಲ್ಲನ್ನು ಅಂಗಳದಲ್ಲಿ ಒಣಗಿಸಬೇಡಿರಿ. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದ ಗೂಡಿನಲ್ಲಿ ಇರಿಸಿರಿ.